ಕೊನೆಯ ಬೆಂಚಿನ ಚೀಲ

ಅಡುಗೆಮನೆಯ ಮೇಜು,
ತಾರೀಖು ಹದಿನಾಲ್ಕು, ಶನಿವಾರ ಮಧ್ಯಾಹ್ನ

ಪ್ರೀತಿಯ ರೀ,

ಇಪ್ಪತ್ತಾರು ವರ್ಷದಿಂದ ಹೀಗೇ ಕರೆದು ರೂಢಿಯಾಗಿದೆ, ಕಾಗದದಲ್ಲಿ ಬರೆಯಲು ಬೇರೆ ಹೆಸರು ಎಲ್ಲಿಂದ ತರಲಿ. ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಹಡಗಿನಲ್ಲಿ ಇಪ್ಪತ್ತೆರಡು ಜನಕ್ಕೆ ಬೇಯಿಸಿ ಹಾಕಿ, ಕೊನೆಗೆ ನೀವು ಮಾತ್ರ ಒಲೆಯ ಪಕ್ಕ ನಿಂತುಕೊಂಡೇ ಎರಡು ತುತ್ತು ನುಂಗುತ್ತೀರಿ ಎಂದು ನನಗೆ ಗೊತ್ತು. ಕೂತು ತಿನ್ನಿ. ನಾನು ಚೆನ್ನಾಗಿದ್ದೇನೆ. ಅತ್ತೆಯವರ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ; ಮೊನ್ನೆ ಮಂಡಿ ತೋರಿಸಲು ಹೋದವರು ಡಾಕ್ಟರಿಗೇ ಹೇಗೆ ನಡೆಯಬೇಕೆಂದು ಪಾಠ ಹೇಳಿ ಬಂದರು. ಸ್ನಾನದ ಮನೆಯ ನಲ್ಲಿಯನ್ನು ನಾನೇ ರಿಪೇರಿ ಮಾಡಿದ್ದೇನೆ. ನೀವು ಬಂದಾಗ ದಯವಿಟ್ಟು ಅದನ್ನು ಮುಟ್ಟಬೇಡಿ.

ಈಗ ಶಾಲೆಯ ಸಮಾಚಾರ. ನೀವು ಒಂದೊಂದು ಬಂದರಿನಿಂದ ಕಳಿಸಿದ ಸಾಮಾನುಗಳನ್ನೆಲ್ಲ ಜೋಡಿಸಿ ನನ್ನ ತರಗತಿಯಲ್ಲಿ ‘ಪ್ರಪಂಚದ ಕಪಾಟು’ ಮಾಡಿದ್ದೇನಲ್ಲ, ಅದರ ಕಥೆ ಇದು. ಆ ಮರದ ಚಮಚ, ಚಿಪ್ಪಿನ ಡಬ್ಬಿ, ಬಣ್ಣದ ಟೋಪಿ, ಒಂದೊಂದಕ್ಕೂ ನಾನು ದುಂಡಗೆ ಬರೆದು ಅಂಟಿಸಿದ ಚೀಟಿ. ಪ್ರತಿ ಶುಕ್ರವಾರ ಕೊನೆಯ ಪಿರಿಯಡ್ಡಿನಲ್ಲಿ ಮಕ್ಕಳು ಅವನ್ನು ಕೈಗೆತ್ತಿಕೊಂಡು, ತಲೆಗೇರಿಸಿಕೊಂಡು, ಬೇರೆ ದೇಶದವರಾಗುತ್ತಿದ್ದರು. ದೊಡ್ಡ ಟೀಚರ್ ಮೂರು ಶಾಲೆಯವರನ್ನು ಕರೆತಂದು ಆ ಕಪಾಟನ್ನು ತೋರಿಸಿದ್ದಾರೆ. ನನಗೂ ಸ್ವಲ್ಪ ಜಂಬ ಬಂದಿತ್ತು, ಇಲ್ಲ ಎನ್ನುವುದಿಲ್ಲ. ಬೇರೆಯವರ ರೀತಿನೀತಿಯನ್ನು ಗೌರವಿಸುವುದನ್ನು ಕಲಿಸುವುದರಲ್ಲಿ ನನ್ನನ್ನು ಬಿಟ್ಟರೆ ಇನ್ನಾರು ಎಂದುಕೊಂಡಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಗಾದೆ ಮಾಡಿದವರು ನನ್ನಂಥ ಟೀಚರನ್ನು ನೋಡಿಯೇ ಮಾಡಿರಬೇಕು.

ಐದು ವಾರದ ಹಿಂದೆ ಒಬ್ಬ ಹೊಸ ಹುಡುಗಿ ಸೇರಿದಳು. ಎಂಟು ವರ್ಷ, ಬಿಗಿಯಾಗಿ ಎಳೆದು ಕಟ್ಟಿದ ಕೂದಲು, ಇಡೀ ದಿನ ಒಂದೇ ಒಂದು ಪೆನ್ಸಿಲನ್ನು ಚೂಪು ಮಾಡುತ್ತಾ ಕೂರುವವಳು. ನಮ್ಮ ಭಾಷೆ ಹತ್ತು ಮಾತು ಬಂದರೆ ಹೆಚ್ಚು. ನೀವು ಹೋದ ವರ್ಷ ಕಳಿಸಿದ ಕೆಂಪು ಗೀರಿನ ಉದ್ದನೆಯ ಬಟ್ಟೆ ಇದೆಯಲ್ಲ, ಅದನ್ನು ಕೊಂಡ ದೇಶದವಳೇ. ಆ ಬಟ್ಟೆಯ ಮೇಲೆ ‘ಕುಣಿಯುವಾಗ ಸೊಂಟಕ್ಕೆ ಕಟ್ಟುವ ಪಟ್ಟಿ’ ಎಂದು ನಾನು ಚೀಟಿ ಅಂಟಿಸಿದ್ದೆ, ನೀವು ಹಾಗೆಂದು ಬರೆದಿದ್ದಿರಿ ಎಂದು. ಉದ್ದ ಇದೆ, ಗಟ್ಟಿ ಇದೆ, ಅದಕ್ಕೇ ಮಕ್ಕಳು ಶುಕ್ರವಾರ ಅದರಲ್ಲಿ ಹಗ್ಗಜಗ್ಗಾಟ ಆಡುತ್ತಿದ್ದರು. ನಾನು ನೋಡಿ ನಗುತ್ತಿದ್ದೆ. ಹೋದ ವಾರದ ಶುಕ್ರವಾರ ಈ ಹುಡುಗಿ ನಡುವೆ ನುಗ್ಗಿ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳಿಗೂ ಆಡುವ ಆಸೆ ಎಂದು ತಿಳಿದು ಮಕ್ಕಳು ಇನ್ನೂ ಜೋರಾಗಿ ಎಳೆದರು. ಬಟ್ಟೆಯ ಅಂಚು ಪರ್‍ರೆಂದು ಹರಿಯಿತು. ಅಷ್ಟರಲ್ಲಿ ಗಂಟೆ ಹೊಡೆದರು, ಎಲ್ಲರೂ ಮನೆಗೆ ಓಡಿದರು.

ಸೋಮವಾರ ಒಳಗೆ ಬಂದು ನೋಡಿದರೆ ಬಟ್ಟೆ ಮಾಯ. ಎಲ್ಲರ ಚೀಲ ತೆಗೆಸಿ ನೋಡಿದೆ, ಅವಳ ಚೀಲದಲ್ಲಿ ಸಿಕ್ಕಿತು. ನಾನು ಅದನ್ನು ಮೇಲಕ್ಕೆತ್ತಿ ಹಿಡಿದೆ. ಹಿಂದಿನಿಂದ ಯಾರೋ ‘ಕಳ್ಳಿ’ ಎಂದರು, ಆಮೇಲೆ ಕೇಳಬೇಕೇ, ಇಡೀ ತರಗತಿ ರಾಗವಾಗಿ ಹೇಳತೊಡಗಿತು. ಸುಮ್ಮನಿರಿ ಎಂದು ಗದರಿದೆ, ನಿಜ, ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಅಳಲಿಲ್ಲ. ತೆರೆದ ಚೀಲವನ್ನು ಮುಚ್ಚಿ, ಬಕಲ್ ಹಾಕಿ, ಅದರ ಮೇಲೆ ಕೈಯಿಟ್ಟು ಕೂತಳು. ಬಟ್ಟೆಯನ್ನು ಕಪಾಟಿನಲ್ಲಿ ಮಡಿಸಿ ಇಡುವಾಗ ಗಮನಿಸಿದೆ: ಅದನ್ನು ಒಗೆದಿದ್ದರು. ಹರಿದ ಅಂಚನ್ನು ಸಣ್ಣ ಸಣ್ಣ ಹೊಲಿಗೆ ಹಾಕಿ ಸರಿಮಾಡಿದ್ದರು. ಕದಿಯುವವರು ಯಾರಾದರೂ ಒಗೆದು, ಹೊಲಿದು, ವಾಪಸು ಶಾಲೆಗೆ ಹೊತ್ತು ತರುತ್ತಾರೆಯೇ?

ಮಂಗಳವಾರ ಅವಳು ಬರಲಿಲ್ಲ. ಬುಧವಾರ ಅವಳ ಅಪ್ಪ ಬಂದು ಟಿ.ಸಿ. ಕೇಳಿದರಂತೆ. ದೊಡ್ಡ ಟೀಚರನ್ನು ಕಾಡಿ ಬೇಡಿ ಬರುವ ಶುಕ್ರವಾರದವರೆಗೆ ಅದಕ್ಕೆ ಸಹಿ ಹಾಕದಂತೆ ತಡೆದಿದ್ದೇನೆ. ಅಂದು ಅವರು ಮಗಳನ್ನೂ ಕರೆದುಕೊಂಡು ಟಿ.ಸಿ.ಗೆ ಬರುತ್ತಾರೆ. ‘ಮಕ್ಕಳು ರೀ, ನಾಲ್ಕು ದಿನಕ್ಕೆ ಮರೀತಾರೆ’ ಎಂದರು ದೊಡ್ಡ ಟೀಚರ್. ನಾನು ಎಂಟು ವರ್ಷದವಳಿದ್ದಾಗ ಅಂಗಡಿಯವನೊಬ್ಬ ನನ್ನ ಮುಷ್ಟಿ ಬಿಡಿಸಿ ನೋಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ, ನಾಲ್ಕು ದಿನ ಎಲ್ಲಿಯ ಲೆಕ್ಕ.

ಗುರುವಾರ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಅಪ್ಪ ಕೆಲಸ ಮಾಡುವ ಲಾಂಡ್ರಿಯ ಮೇಲೆಯೇ ಎರಡು ಕೋಣೆ. ಕೆಳಗಿನ ಇಸ್ತ್ರಿಯ ಬಿಸಿಗೆ ನೆಲ ಬೆಚ್ಚಗಿರುತ್ತದೆ, ಅಂಗಾಲಿಗೆ ಹಿತವಾಗಿತ್ತು. ಹುಡುಗಿ ಪರದೆಯ ಹಿಂದೆ ನಿಂತಳು, ಪಾದ ಮಾತ್ರ ಕಾಣುತ್ತಿತ್ತು. ಅಪ್ಪನಿಗೆ ನಮ್ಮ ಭಾಷೆ ಸುಮಾರಾಗಿ ಬರುತ್ತದೆ. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಎರಡು ಮಾತು ಆಡಲು ಸುಲಭವಾಗುತ್ತಿತ್ತು. ‘ಅದು ಮಗು ಕಟ್ಟಿಕೊಳ್ಳೋ ಬಟ್ಟೆ ಮೇಡಂ. ನಮ್ಮಮ್ಮ ನನ್ನನ್ನ ಅಂಥದ್ರಲ್ಲೇ ಹೊತ್ತಿದ್ದು. ಹುಡುಗರು ಎಳೆದು ಹರಿದ್ರು ಅಂತ ಇವಳು ಊಟ ಬಿಟ್ಟು ಕೂತ್ಲು. ಅದಕ್ಕೇ ನಮ್ಮನೆಯವಳು ಹೊಲಿದು ಕೊಟ್ಲು,’ ಎಂದರು. ಆಗ ಹುಡುಗಿಯ ತಾಯಿ ಎದ್ದು ಬಂದು, ನನ್ನನ್ನು ಒಂದು ಮಾತೂ ಕೇಳದೆ, ಬಗ್ಗು ಎಂದು ಕೈಸನ್ನೆ ಮಾಡಿ, ತಮ್ಮ ಏಳು ತಿಂಗಳ ಮಗುವನ್ನು ಅಂಥದೇ ಇನ್ನೊಂದು ಬಟ್ಟೆಯಲ್ಲಿ ನನ್ನ ಬೆನ್ನಿಗೆ ಕಟ್ಟಿಯೇ ಬಿಟ್ಟರು. ಹೆಗಲ ಮೇಲಿಂದ ಒಂದು ಸುತ್ತು, ಕಂಕುಳ ಕೆಳಗಿಂದ ಇನ್ನೊಂದು, ಎದೆಯ ಮೇಲೆ ಗಂಟು. ನೀವು ನೋಡಬೇಕಿತ್ತು. ನಮ್ಮ ಮಗಳನ್ನು ಹೊತ್ತೂ ಹೊತ್ತೂ ನನ್ನ ಎಡಸೊಂಟ ಇವತ್ತಿಗೂ ಹಿಡಿದುಕೊಳ್ಳುತ್ತದೆ, ಈ ಉಪಾಯ ಆಗಲೇ ಗೊತ್ತಿದ್ದರೆ ಎರಡೂ ಕೈ ಖಾಲಿ ಇಟ್ಟುಕೊಂಡು ಮನೆ ಆಳುತ್ತಿದ್ದೆ. ಎರಡು ಸಲ ಕೋಣೆ ಸುತ್ತುವಷ್ಟರಲ್ಲಿ ಮಗು ನನ್ನ ಬೆನ್ನು ಬಿಸಿ ಮಾಡಿತು. ಸೀರೆ, ರವಿಕೆ ಎಲ್ಲ ಒದ್ದೆ. ಪರದೆಯ ಹಿಂದೆ ಕಿಸಕ್ಕೆಂದು ಒಂದು ನಗು ಕೇಳಿಸಿತು. ನಾನು ತಿರುಗಿ ನೋಡುವುದರೊಳಗೆ ಪಾದಗಳು ಒಳಗೆ ಹೋಗಿದ್ದವು. ಅಷ್ಟು ನಗು ಬಂದರೆ ಹುಡುಗಿಯೂ ಬರುತ್ತಾಳೆ ಎಂದು ಆಗಲೇ ನನಗೆ ಧೈರ್ಯ ಬಂತು.

ನಿನ್ನೆ ಶುಕ್ರವಾರ ಕಪಾಟಿಗೆ ಬೀಗ ಹಾಕಿದೆ. ನನ್ನ ಕೈಚೀಲವನ್ನು ಮೇಜಿನ ಮೇಲಿಟ್ಟು, ನಮ್ಮ ತರಗತಿಯ ‘ಲೌಡ್‌ಸ್ಪೀಕರ್’ ಇದ್ದಾನಲ್ಲ, ಅವನನ್ನು ಕರೆದು, ಇದನ್ನು ಎಲ್ಲರ ಎದುರಿಗೆ ಬಿಚ್ಚಿ ಒಂದೊಂದೇ ತೆಗೆದು ತೋರಿಸು ಎಂದೆ. ಅವನಿಗೆ ಖುಷಿಯೋ ಖುಷಿ. ಬಾಚಣಿಗೆ, ಬಿ.ಪಿ. ಮಾತ್ರೆ, ಅರ್ಧ ಕಚ್ಚಿಟ್ಟ ಬಿಸ್ಕತ್ತು, ನಿಮ್ಮ ಹಳೆಯ ಫೋಟೋ (ಮೀಸೆ ಇದ್ದಾಗಿನದು, ಬಹಳ ನಕ್ಕರು), ಕೊನೆಗೆ ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಪೊಟ್ಟಣ. ಅದು ಅಲ್ಲಿದೆ ಎಂದು ನನಗೇ ಮರೆತುಹೋಗಿತ್ತು. ತರಗತಿ ಬಿದ್ದು ಬಿದ್ದು ನಕ್ಕಿತು. ನಾಟಕವೆಂದು ನಾನೇ ಶುರುಮಾಡಿದ್ದು, ಆದರೂ ನನ್ನ ಕಿವಿ ಸುಡತೊಡಗಿತು, ಕಣ್ಣಲ್ಲಿ ನೀರು ಬಂತು. ಮಕ್ಕಳು ಅದನ್ನು ನೋಡಿದರು. ನಗು ನಿಂತುಹೋಯಿತು. ಲೌಡ್‌ಸ್ಪೀಕರ್ ಒಂದೊಂದೇ ಸಾಮಾನನ್ನು ವಾಪಸು ತುಂಬಿ, ಜಿಪ್ ಎಳೆದು, ಎಂದೂ ಇಲ್ಲದ ಮೆಲುದನಿಯಲ್ಲಿ ‘ಟೀಚರ್, ಅವತ್ತು ಮೊದ್ಲು ಕಳ್ಳಿ ಅಂದಿದ್ದು ನಾನೇ’ ಎಂದ. ಆಮೇಲೆ ನಾನು ಬಟ್ಟೆಯ ವಿಷಯ ಹೇಳಿದೆ, ಚೀಟಿಯಲ್ಲಿ ತಪ್ಪು ಬರೆದದ್ದು ನಾನು ಎಂದೂ ಹೇಳಿದೆ. ಇನ್ನು ಮುಂದೆ ಚೀಟಿ ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಹೋಗಿ ಕೇಳಿ ಬರಬೇಕು, ಕೇಳುವಾಗ ಬಾಯಿ ಮುಚ್ಚಿಕೊಂಡಿರಬೇಕು, ಇದೇ ಶುಕ್ರವಾರದ ಪಾಠ ಎಂದು ತೀರ್ಮಾನವಾಯಿತು. ಎರಡನೆಯದು ಮಕ್ಕಳಿಗಿಂತ ನನಗೇ ಕಷ್ಟ ಎಂದು ನೀವು ಈಗ ಅಲ್ಲಿ ನಗುತ್ತಿರುತ್ತೀರಿ, ನಗಿ.

ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಗಾಳಿಯಲ್ಲಿ ಕಿವಿ ಮುಚ್ಚಿಕೊಳ್ಳಬೇಕಂತೆ. ನಿಮ್ಮ ಕ್ಯಾಪ್ಟನ್ನರಿಗೂ ಇದನ್ನು ಹೇಳಬೇಕಂತೆ. ನನ್ನ ಪ್ರೀತಿ ಎಂದಿನಷ್ಟೇ ಇದೆ, ಬೆಂಡೆಯ ಗಿಡಕ್ಕೆ ನೀರು ಹಾಕುವಾಗೆಲ್ಲ ನೆನಪಾಗುತ್ತೀರಿ.

ನಿಮ್ಮ,
ಮೂರನೇ ತರಗತಿ ‘ಬಿ’ ವಿಭಾಗದ ಟೀಚರಮ್ಮ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ನಿಮ್ಮ ಹಡಗು ಕಂಪನಿಯ ಕಚೇರಿಯ ಹುಡುಗಿ ಈ ಕಾಗದ ಒಯ್ಯಲು ಬಾಗಿಲಲ್ಲಿ ಕಾಯುತ್ತಿದ್ದಾಳೆ, ಅದಕ್ಕೇ ಬೇಗ ಬೇಗ ಬರೆಯುತ್ತೇನೆ. ‘ಎಲ್ಲರ ಚೀಲ ತೆಗೆಸಿ ನೋಡಿದೆ’ ಎಂದು ಮೇಲೆ ಬರೆದಿದ್ದೇನಲ್ಲ, ದೊಡ್ಡ ಟೀಚರಿಗೂ ಹಾಗೇ ಹೇಳಿದ್ದೆ, ಅವಳ ಅಪ್ಪನಿಗೂ ಹಾಗೇ ಹೇಳಿದೆ. ಅದು ಸುಳ್ಳು. ಅವಳು ಕೂರುವುದು ಕೊನೆಯ ಬೆಂಚಿನಲ್ಲಿ. ಬಟ್ಟೆ ಕಾಣಿಸದಿದ್ದಾಗ ನಾನು ಮೂವತ್ತೇಳು ಮಕ್ಕಳನ್ನು ದಾಟಿಕೊಂಡು ನೇರ ಅವಳ ಹತ್ತಿರ ಹೋದೆ. ಬೇರೆ ಒಂದು ಚೀಲವನ್ನೂ ಮುಟ್ಟಲಿಲ್ಲ. ಮಕ್ಕಳೆಲ್ಲ ನೋಡಿದ್ದಾರೆ, ಅವಳೂ ನೋಡಿದ್ದಾಳೆ. ನಾನು ಏನೇ ಪಾಠ ಹೇಳಲಿ, ಅವರು ಅಂದು ಕಲಿತದ್ದು ಅದನ್ನೇ. ಅದಕ್ಕೇ ಈ ಕೆಲಸ ಮಾಡಿ: ನಿಮ್ಮ ಜೊತೆ ತರಕಾರಿ ಹೆಚ್ಚುವವರು ಅವರ ದೇಶದವರೇ ಅಲ್ಲವೇ? ಆರು ವರ್ಷ ಪಕ್ಕದಲ್ಲೇ ಇದ್ದರೂ ಆ ಬಟ್ಟೆ ಏನೆಂದು ನೀವು ಅವರನ್ನು ಕೇಳಲಿಲ್ಲ, ಆ ಜಗಳ ನೀವು ಬಂದ ಮೇಲೆ. ಬುಧವಾರ ಬಂದರಿನಲ್ಲಿ ಈ ಕಾಗದ ಸಿಕ್ಕ ಕೂಡಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನನಗೆ ಫೋನ್ ಮಾಡಿ. ಒಂದು ವಾಕ್ಯವನ್ನು ಅವರ ಭಾಷೆಯಲ್ಲಿ ಹೇಳಿಕೊಡಬೇಕು, ಶುಕ್ರವಾರ ತರಗತಿಯಲ್ಲಿ ಎಲ್ಲರ ಎದುರಿಗೆ, ಅವಳ ಅಪ್ಪನೂ ನಿಂತಿರುವಾಗ ನಾನು ಅದನ್ನು ಹೇಳಬೇಕು. ಬರಿಯ ಕ್ಷಮಿಸು ಸಾಲದು. ‘ಎಲ್ಲರನ್ನೂ ಬಿಟ್ಟು ನಿನ್ನ ಚೀಲವನ್ನೇ ತೆರೆದೆ, ನೀನು ಬೇರೆ ಕಡೆಯವಳೆಂದು ತೆರೆದೆ’ ಎಂದು ಪೂರ್ತಿ ಹೇಳಿಕೊಡಲು ಹೇಳಿ.