ಪ್ಲೇಗಿನ ವರ್ಷ ನಾನು ಹೊರಡಿಸಿದ ಆಜ್ಞೆ

ಭಾಗಮ್ಮ,

ನೀನು ತೀರಿಕೊಂಡು ಆರು ತಿಂಗಳಾಯಿತು. ಆದರೂ ಇವತ್ತು ನಡೆದದ್ದನ್ನು ನಿನಗಲ್ಲದೆ ಬೇರೆ ಯಾರಿಗೂ ಹೇಳಲಾರೆ.

ನಾನು ಪುರಸಭೆಯ ಅಧ್ಯಕ್ಷೆಯಾಗಿ ಹನ್ನೆರಡು ವರ್ಷವಾಯಿತೆಂದು ಊರಿನವರು ಸನ್ಮಾನ ಮಾಡಿದರು. ಕೊಬ್ಬರಿ ಮಂಡಿಯ ರೇವಣಸಿದ್ದಪ್ಪನವರು ಭಾಷಣಕ್ಕೆ ನಿಂತು, "ಪ್ಲೇಗು ಬಂದಾಗ ಎಲ್ರೂ ಊರಾಚೆ ಗುಡಿಸಲಿಗೆ ಹೋಗ್ಬೇಕು ಅಂದ್ರು. ಜೀವದ ಗೆಳತಿ ಬಂದು ಬೇಡ್ಕೊಂಡ್ರೂ ಬಗ್ಗಲಿಲ್ಲ ಕಣ್ರೀ ನಮ್ಮ ಶಿವಗಂಗಮ್ಮನೋರು!" ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಕೈಮುಗಿದೆ.

ಅಂದು ನೀನು ಮಗಳಿಗಾಗಿ ಬಂದು, "ಸಾಕಮ್ಮ ಹೆತ್ತು ಇನ್ನೂ ನಾಲ್ಕೇ ದಿನ ಆಗೈತೆ ಕಣೇ. ಒಂದು ವಾರ ತಡಿ" ಎಂದಿದ್ದೆ. ನಾನು ಆಜ್ಞೆ ಎಲ್ಲರಿಗೂ ಒಂದೇ ಎಂದುಬಿಟ್ಟೆ. ಗುಡಿಸಲಿನ ಚಳಿಗೆ ನಿನ್ನ ಮೊಮ್ಮಗು ಉಳಿಯಲಿಲ್ಲ.

ಅದೇ ವಾರ ನನ್ನ ಬಸುರಿ ಸೊಸೆಯನ್ನು ಗಾಡಿ ಕಟ್ಟಿಸಿ ಕಣಕಟ್ಟೆಯ ನಮ್ಮ ತೋಟದ ಮನೆಗೆ ಕಳಿಸಿದ್ದೆ. ಅವಳೂ ಊರು ಬಿಟ್ಟಂತಾಯಿತು, ಆಜ್ಞೆ ಮೀರಿದಂತಾಗಲಿಲ್ಲ. ಆ ಮನೆಯಲ್ಲಿ ಮೂರು ಕೋಣೆ ಖಾಲಿ ಬಿದ್ದಿದ್ದವು. ನಿನ್ನ ಮಗಳನ್ನೂ ಗಾಡಿ ಹತ್ತಿಸು ಎನ್ನಲು ನನಗೆ ಬಾಯಿ ಬರಲಿಲ್ಲ. ಗೆಳತಿಗೆ ಅನುಕೂಲ ಮಾಡಿಕೊಟ್ಟಳು ಎಂದು ಜನ ಆಡಿಕೊಂಡಾರೆಂದು ಹೆದರಿದ್ದೆ.

ಸಭೆಯ ಕೊನೆಗೆ ಹೆಣ್ಣುಮಕ್ಕಳ ಸ್ಕೂಲಿನ ಪರವಾಗಿ ಹಾರ ಹಾಕಲು ಸಾಕಮ್ಮನೇ ಬಂದಳು. ಈಗ ಅವಳು ಅಲ್ಲಿ ಪಾಠ ಹೇಳುತ್ತಾಳೆ. "ಚೆನ್ನಾಗಿದ್ದೀಯೇನವ್ವ?" ಎಂದೆ.

ಚಿಕ್ಕಂದಿನಲ್ಲಿ ದೊಡ್ಡಮ್ಮ ದೊಡ್ಡಮ್ಮ ಎಂದು ನನ್ನ ಸೆರಗು ಹಿಡಿದು ಓಡಾಡಿದವಳು ಹಾರವನ್ನು ನೇರ ಮಾಡುತ್ತಾ, "ನಮಸ್ಕಾರ ಅಧ್ಯಕ್ಷರೇ" ಎಂದಳು.

ಶಿವಗಂಗ