ಒಂದೇ ಕೈ ಸಾಕು

ಹೊಳೆನರಸೀಪುರ
೧೨ ಜುಲೈ ೨೦೦೬

ಮೇಘಿ,

ರಾತ್ರಿ ಎರಡೂಕಾಲಕ್ಕೆ ತೊಟ್ಟಿಲ ಕೊಕ್ಕೆ ಕಿರ್ರೆಂದಿತು, ಎಚ್ಚರವಾಯಿತು. ಆತ್ರೇಯ ಅಳಲಿಲ್ಲ, ಸುಮ್ಮನೆ ಮಿಸುಕಾಡಿದ. ಅಳದಿದ್ದರೂ ನನಗೆ ಹೆದರಿಕೆಯೇ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದೆ. ಆಮೇಲೆ ನಿದ್ದೆ ಎಲ್ಲಿಂದ ಬರಬೇಕು? ಸಂಜೆ ನೀನು ಫೋನಿನಲ್ಲಿ ಅಂದದ್ದೇ ಕಿವಿಯಲ್ಲಿ: "ನನ್ ಡ್ರಾಯಿಂಗ್ ಕಥೆ ಮುಗೀತು ಕಣೇ ಹಂಸ. ಒಂದು ತೂತಲ್ಲಿ ಕೈ ಹಾಕಿ ಪೈಪ್ ಜೋಡ್ಸಕ್ಕೆ ಆಗಕ್ಕಿಲ್ವಂತೆ. ಬೆಳಿಗ್ಗೆ ಎಂಟಕ್ಕೆ ವಿಮಾನದ ರೆಕ್ಕೆಗೆ ಇನ್ನೊಂದು ಕೊರೆದ್ಬುಡ್ತಾರೆ."

ಕೊರೆಯುವುದು ಬೇಡ. ಒಂದೇ ಸಾಕು. ಈಗತಾನೇ ಮಾಡಿ ನೋಡಿದೆ!

ನಿನ್ನ ನಕ್ಷೆಗಳಿಂದ ಹಾಸನದ ನಮ್ಮ ಕಾಲೇಜಿಗೆ ಕಟ್ಟಿದೆವಲ್ಲ, ಆ ವರ್ಚುವಲ್ ರಿಯಾಲಿಟಿ ರೆಕ್ಕೆ, ವಿಮಾನವನ್ನು ಹತ್ತಿರದಿಂದ ಕಂಡೇ ಇರದ ಹುಡುಗರು ಅದರೊಳಗೆ ಕೈಯಾಡಿಸಿ ಕಲಿಯಲೆಂದು? ಅದರ ಕಂಪ್ಯೂಟರು, ತಲೆಗೆ ಹಾಕುವ ಡಬ್ಬ, ಕೈಗವಸು ಎಲ್ಲವನ್ನೂ ನಮ್ಮ ವಿಭಾಗದ ಗೌರೀಶಂಕರ ಸರ್ ಬಾಣಂತಿ ಕೋಣೆಗೇ ಕಳಿಸಿದ್ದಾರೆ. "ತಲೆಗೆ ಬಟ್ಟೆ ಕಟ್ಕೋ, ಕಿವಿಗೆ ಗಾಳಿ ಹೋಗತ್ತೆ ಅಂದ್ರೆ ಡಬ್ಬ ಕಟ್ಕೊಂಡು ಕೂತಿದೀಯಲ್ಲೇ!" ಎಂದು ಅಮ್ಮನ ಗೊಣಗಾಟ. ಬಟ್ಟೆ ಕಟ್ಟಿ, ಅದರ ಮೇಲೆ ಡಬ್ಬ ಹಾಕಿಕೊಂಡೆ.

ಎಡಗೈ ಬಿಡುವಂತಿರಲಿಲ್ಲ ಮೇಘಿ. ತೊಟ್ಟಿಲ ಹಗ್ಗ ಬಿಟ್ಟರೆ ಮಗು ಏಳುತ್ತದೆ. ಬಲಗೈಯೊಂದನ್ನೇ ರೆಕ್ಕೆಯ ತೂತಿನೊಳಗೆ ತೂರಿಸಿದೆ. ನಾವೆಲ್ಲ ಪೈಪನ್ನು ಮೊದಲು ಒಳಗಿಟ್ಟು, ಆಮೇಲೆ ಅದನ್ನು ಅಲುಗದಂತೆ ಹಿಡಿಯುವ ಕ್ಲ್ಯಾಂಪ್ ಹಾಕುತ್ತಿದ್ದೆವು. ಒಂದು ಕೈ ಕ್ಲ್ಯಾಂಪ್ ಹಿಡಿಯಬೇಕು, ಇನ್ನೊಂದು ನಟ್ ತಿರುಗಿಸಬೇಕು. ಎರಡು ಕೈ ಹಿಡಿಸದ್ದಕ್ಕೇ ತಾನೇ ನಿಮ್ಮ ಕಾರ್ಖಾನೆಯ ಬಸವರಾಜು ಸಾಹೇಬರು ಇನ್ನೊಂದು ತೂತು ಎಂದದ್ದು? ನನಗೆ ಎರಡನೆಯ ಕೈಯೇ ಇರಲಿಲ್ಲ. ಕ್ಲ್ಯಾಂಪನ್ನು ಹೊರಗೆ, ಮಾದರಿಯ ಮೇಜಿನ ಮೇಲೇ ಪೈಪಿಗೆ ಬಿಗಿದೆ. ಎರಡನ್ನೂ ಒಟ್ಟಿಗೆ ಒಳಗೆ ಜಾರಿಸಿ ರೆಕ್ಕೆಯೊಳಗೇ ನಿಂತಿರುವ ಬೋಲ್ಟಿಗೆ ಸಿಕ್ಕಿಸಿದೆ. ಉಳಿದದ್ದು ಒಂದು ನಟ್! ಕೈ ಲೋಹಕ್ಕೆ ತಾಗಿದರೆ ಮಾದರಿಯಲ್ಲಿ ಕೆಂಪಾಗುತ್ತದೆಯಲ್ಲ, ಕೊನೆಯ ಸುತ್ತಿನವರೆಗೂ ಹಸಿರೇ ಇತ್ತು. ಮತ್ತೆ ಮಾಡಿದೆ. ಮತ್ತೂ ಹಸಿರು. ಕೂಗಬೇಕೆನಿಸಿತು, ತುಟಿ ಕಚ್ಚಿಕೊಂಡೆ.

ನಿನ್ನ ಡ್ರಾಯಿಂಗ್ ತಪ್ಪಲ್ಲ ಕಣೇ. ನಾವು ಜೋಡಿಸುತ್ತಿದ್ದ ಕ್ರಮ ತಪ್ಪು.

ರಾತ್ರಿ ಪಾಳಿಯಲ್ಲಿ ನಿನ್ನ ಮೊಬೈಲನ್ನು ಗೇಟಿನಲ್ಲೇ ಇಟ್ಟುಕೊಳ್ಳುತ್ತಾರೆ, ಅದಕ್ಕೇ ನಿನ್ನ ಆಫೀಸಿನ ಕಂಪ್ಯೂಟರಿಗೆ ಈ ಇ-ಮೇಲ್. ಇದನ್ನೂ ಒಂದೇ ಕೈಯಲ್ಲಿ ಟೈಪು ಮಾಡುತ್ತಿದ್ದೇನೆ.

ನಿನ್ನ
ಹಂಸ

ತಾ.ಕ.: ನಿದ್ದೆಗೆಟ್ಟವಳ ಭ್ರಮೆ ಎಂದು ಯಾರೂ ಅನ್ನಬಾರದಲ್ಲ, ಅಮ್ಮನನ್ನೂ ಎಬ್ಬಿಸಿ ಡಬ್ಬ ತೊಡಿಸಿದೆ. ಮಗು ಅವಳ ಎಡ ಹೆಗಲ ಮೇಲೆ. ಮೊದಲ ಸಲ ಕೈ ಕೆಂಪಾಯಿತು, "ಅಯ್ಯೋ, ಸುಟ್ಕೊಂಡೆನೇನೇ?" ಎಂದಳು. ನಾನು ಹೇಳಿಕೊಟ್ಟಂತೆ ಮಾಡುತ್ತಾ ಹೋಗಿ ಮೂರನೆಯ ಸಲ ಬಿಗಿದೇಬಿಟ್ಟಳು! ನಿನಗೆ ಹೇಳಿರಲಿಲ್ಲ, ಕೆಲಸ ಬಿಡುತ್ತೇನೆಂದು ಅಮ್ಮನ ಒತ್ತಾಯಕ್ಕೆ ಒಪ್ಪಿಕೊಂಡುಬಿಟ್ಟಿದ್ದೆ. ಡಬ್ಬ ತೆಗೆದವಳೇ ಅಂದಳು: "ಐದು ತಿಂಗಳು ತುಂಬಲಿ, ಕಾಲೇಜಿಗೆ ಹೋಗು. ಇವನನ್ನ ನಾನು ನೋಡ್ಕೋತೀನಿ."

ಇದು ಹೋದ ಕೂಡಲೇ ಇಂಟರ್‌ನೆಟ್ ವಯರು ಕಿತ್ತು ಫೋನಿಗೆ ದಾರಿ ಬಿಡುತ್ತೇನೆ. ಗಂಟೆ ಕೇಳಿಸದಿರಲೆಂದು ಅಮ್ಮ ಫೋನಿನ ಮೇಲೆ ಇಟ್ಟಿದ್ದ ದಿಂಬನ್ನೂ ತೆಗೆದಿದ್ದೇನೆ. ಎಂಟಕ್ಕೆ ಕೊರೆಯುವವರನ್ನು ತಡೆ, ದಮ್ಮಯ್ಯ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡು. ಮಗು ಎದ್ದರೆ ಏಳಲಿ.