ತೆಂಗಿನ ಗರಿಗೆ ಸಿಕ್ಕ ಗಾಳ

ಚಾಮರಾಜಪುರಂ, ೧೭ ಜನವರಿ ೨೦೨೫, ಶುಕ್ರವಾರ ರಾತ್ರಿ

ನಾಳೆ ಕಾಪುವಿನ ಕಡಲ ಬಂಡೆಗೆ ಮೀನು ಹಿಡಿಯಲು ನಾನೂ ಹೊರಡುತ್ತೇನೆ! ನಿದ್ರೆ ಹತ್ತಿರ ಸುಳಿಯುತ್ತಿಲ್ಲ. ಬೆಳಿಗ್ಗೆಯಷ್ಟೇ ಭಾನುಪ್ರಿಯಾ ನನ್ನನ್ನು ಅನುತ್ತೀರ್ಣಗೊಳಿಸಿದ್ದಳು. ಜೀವಮಾನವೆಲ್ಲ ಪರರನ್ನು ಪರೀಕ್ಷಿಸಿದವಳನ್ನು, ಸ್ವಂತ ತಮ್ಮನ ಮಗಳು!

ತಾರಸಿಯ ಮೇಲೆ ಗಾಳ ಎಸೆಯುವ ಅಭ್ಯಾಸ ನಡೆದಿತ್ತು. ದಾರದ ತುದಿಯ ಸೀಸದ ಗುಂಡು ಪಕ್ಕದ ಮನೆಯ ತೆಂಗಿನ ಗರಿಗೆ ಸಿಕ್ಕಿತು. ಅಡ್ಡಗೋಡೆಯಾಚೆಗೆ ಬಾಗಿ ಬಿಡಿಸಿಯೇ ತೀರಿದೆ. ಮೆಚ್ಚುಗೆ ಬಯಸಿ ಭಾನುಪ್ರಿಯಾಳತ್ತ ತಿರುಗಿದೆ.

"ಸಾಕು ಬನ್ನಿ ಅತ್ತೆ. ಒಂದು ಗುಂಡಿಗೆ ಇಷ್ಟು ಬಾಗೋರು ಬಂಡೆ ಮೇಲೆ ಸುಮ್ನಿರ್ತೀರಾ? ಗಾಳ ಕಲ್ಲಿಗೆ ಸಿಕ್ಕುತ್ತೆ, ಬಿಡ್ಸೋಕೆ ಮುಂದೆ ಹೋಗ್ತೀರಿ, ಅಲೆ ಎಳ್ಕೊಂಡ್ಬುಡುತ್ತೆ. ನಾನಂತೂ ಕರ್ಕೊಂಡ್ ಹೋಗಲ್ಲ."

ಮುಖ ಬಿಸಿಯಾಯಿತು. ಅರ್ಧಕ್ಕೆ ನಿಲ್ಲಿಸಿದ ಲೆಕ್ಕವನ್ನು ನನ್ನ ತರಗತಿಯಲ್ಲಿ ನಾನೆಂದೂ ಒಪ್ಪಿದವಳಲ್ಲ.

ಸಂಜೆ ಅವಳೆದುರೇ ಮತ್ತೆ ಎಸೆದೆ. ಮತ್ತೆ ಅದೇ ಗರಿ. ಪಕ್ಕದ ಅಂಗಳದಿಂದ ನೀಲಮ್ಮ ಕೂಗಿದರು: "ಏನ್ ಮೇಡಂ, ನಮ್ಮ ಮರದಲ್ಲಿ ಬಂಗುಡೆ ಸಿಕ್ತಾ?"

ಒಮ್ಮೆ ಎಳೆದೆ, ಬರಲಿಲ್ಲ. ಕಾಲು ತಾನಾಗಿ ಮುಂದಕ್ಕೆ ಹೊರಟಿತ್ತು. ಅದನ್ನು ತಡೆದು, ಕತ್ತರಿ ತೆಗೆದು, ದಾರವನ್ನು ಕಚಕ್ಕನೆ ತುಂಡರಿಸಿದೆ.

"ಪಾಸಾದ್ರಿ ಕಣತ್ತೆ! ಬ್ಯಾಗ್ ಕಟ್ಕೊಳಿ!"

'ಉತ್ತೀರ್ಣ' ಎನ್ನಬೇಕಿತ್ತು. ಇಂದು ತಿದ್ದಲಿಲ್ಲ, ಅವಳ ಕೈ ಹಿಡಿದು ಕುಣಿದೇಬಿಟ್ಟೆ!

ಚೀಲ ಸಿದ್ಧವಾಗಿದೆ, ಜಾರದ ತಳದ ಬೂಟು ಬಾಗಿಲ ಬಳಿಯಿದೆ. ಕಿಟಕಿಯಾಚೆ, ಬೀದಿದೀಪದ ಬೆಳಕಿನಲ್ಲಿ, ಆ ಸೀಸದ ಗುಂಡು ಇನ್ನೂ ತೂಗಾಡುತ್ತಿದೆ. ಉದ್ದನೆಯ ಕೋಲೊಂದಿದ್ದರೆ...

ಇಲ್ಲ. ತೂಗಲಿ.